ಹಳೇ ಬ್ಯಾಟರಿ ಶೆಡ್ಡಿನ ಜಾಗಾ, ನಮ್ಮ ಓಣಿ ಮಂದಿ ಮತ್ತ ಧಾರವಾಡದ ಮಣ್ಣಿನ ಟೀಮು: ಐದಕ್ಕ ನಾಲ್ಕು

ಮೊದಲ ಹೇಳಿಬಿಡ್ತೀನಿ, ಐದಕ್ಕ ನಾಲ್ಕು ಸ್ಟಾರ್. ಒಂದು ಯಾಕ ಕಟ್ ಮಾಡೀನಿ ಅನ್ನೋದು ಕೆಳಗ ಐತಿ, ಓದಿ ಆಮ್ಯಾಲ ಬೈರಿ.

ಈ ಟೀಮಿನ ದಗದ ಏನಂದ್ರ, ಊರೊಳಗ ಹಳೇ ಫ್ಯಾಕ್ಟರಿ, ಗ್ಯಾರೇಜು, ಗುಜರಿ ಶೆಡ್ಡು ಇದ್ದು ಮಣ್ಣು ಕೆಟ್ಟು ಹೋದ ಜಾಗಾ ಇರ್ತಾವಲ್ಲ, ಅಲ್ಲಿ ಯಾರರ ಹೊಸಾದು ಕಟ್ಟಾಕ ಬಂದ್ರ ಸುತ್ತಮುತ್ತಲಿನ ಓಣಿ ಮಂದಿಗೆ, ಸಂಘಕ್ಕ, ಮಂಡಳಿಗೆ ಅದರಾಗ ಬಾಯಿ ಹಾಕಾಕ ಬೇಕಾದ ತಯಾರಿ ಮಾಡಿಸೋದು. ಜಾಗದ ಹಿಂದಿನ ಕಥಿ ಹೆಂಗ ತಗೀಬೇಕು, ಯಾವ ಆಫೀಸಿನ್ಯಾಗ ಯಾವ ಕಾಗದ ಕೇಳಬೇಕು ಅಂತ ಹೇಳ್ತಾರ, ಬಿಲ್ಡರ್ ಮಾಡಿಸಿದ ಮಣ್ಣಿನ ರಿಪೋರ್ಟು ಓದಿ ತಿಳಿಸ್ತಾರ, ಬೇಕಂದ್ರ ತಾವ ಸ್ಯಾಂಪಲ್ ತಗೀತಾರ, ಮೀಟಿಂಗಿಗೆ ನಮ್ಮ ಜೋಡಿ ಬಂದು ಹಿಂದಿನ ಸಾಲಿನ್ಯಾಗ ಕುಂದರ್ತಾರ. ಹಿಂದಿನ ಸಾಲು ಅಂದೆ ನೋಡ್ರಿ, ಅದು ಸುಮ್ನ ಅಂದಿದ್ದಲ್ಲ, ಅವರು ನಮ್ಮ ಪರವಾಗಿ ಮಾತಾಡಂಗಿಲ್ಲ, ಮೊದಲ ದಿನಾನ ಹೇಳಿಬಿಟ್ರು. ನಮ್ಮ ಪಂಚರಿಗೆ ಇದು ಸೇರಲಿಲ್ಲ, "ರೊಕ್ಕ ಕೊಡೋರು ನಾವು, ಮಾತಾಡೋರೂ ನಾವ ಅಂದ್ರ ಇವರ್ಯಾಕ ಬೇಕು" ಅಂತ ಒಂದಿಬ್ಬರು ಎದ್ದ ಹೋದ್ರು. ನನಗೂ ಆವಾಗ ಹಂಗ ಅನಿಸಿತ್ತು ಬಿಡ್ರಿ.

ಜಾಗದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲಾಂದ್ರ ರಿವ್ಯೂ ತಿಳಿಯಂಗಿಲ್ಲ. ಹುಬ್ಬಳ್ಳಿಯೊಳಗ ನಮ್ಮ ಓಣಿ ಹಿಂದ ಒಂದು ಖುಲ್ಲಾ ಜಾಗಾ. ಹಿಂದಕ ಅಲ್ಲಿ ಲಾರಿ ಗ್ಯಾರೇಜು ಇದ್ವು, ಬಾಜೂಕ ಹಳೇ ಬ್ಯಾಟರಿ ಒಡದು ಸೀಸ ಕರಗಿಸೋ ಶೆಡ್ಡು, ಮೂಲಿಗೆ ಒಂದು ನಿಕ್ಕಲ್ ಪಾಲಿಶ್ ಅಂಗಡಿ. ಎಲ್ಲಾ ಮುಚ್ಚಿ ಭಾಳ ವರ್ಷ ಆಗೇತಿ, ತಗಡು ಕಿತ್ಕೊಂಡು ಹೋಗ್ಯಾರ, ಈಗ ಜಾಲಿಗಿಡ, ಕ್ರಿಕೆಟ್ಟು, ಮತ್ತ ಚೌತಿ ಬಂದ್ರ ನಮ್ಮ ಗಜಾನನ ಮಂಡಳಿ ಪೆಂಡಾಲು. ಅಲ್ಲಿ ಕೆಳಗ ಅಂಗಡಿ, ಮ್ಯಾಲ ಫ್ಲ್ಯಾಟು, ಒಂದು ಕಡೆ ಗಾರ್ಡನ್, ಅದರ ಮಗ್ಗಲ ಅಂಗನವಾಡಿಗೆ ಅಂತ ಜಾಗಾ ಬಿಡ್ತೀವಿ ಅಂತ ಪ್ಲ್ಯಾನ್ ಬಂತು. ಓಣಿ ಮಂದಿಗೆಲ್ಲಾ ಖುಷಿ, ರೇಟು ಏರ್ತಾವ ಅಂತ. ಶೆಡ್ಡಿನ್ಯಾಗ ಹಿಂದಕ ಕೂಲಿ ಮಾಡಿದ ಅಜ್ಜಾರೊಬ್ಬರು ಮಾತ್ರ ಕಟ್ಟಿ ಮ್ಯಾಲ ಕುಂತು ಅಂದ್ರು, "ಅಂಗನವಾಡಿ ಕಟ್ತೀವಿ ಅನ್ನೋ ಮೂಲಿ ಐತಲ್ಲ, ನಾವು ಬ್ಯಾಟರಿ ನೀರು ಚೆಲ್ತಿದ್ದದ್ದು ಅಲ್ಲೇ." ಅಲ್ಲಿಂದ ಶುರು ಆತು ಈ ಉಸಾಬರಿ.

ಕಾರವಾರ ರೋಡಿನ ಕಸದ ಗುಡ್ಡ, ಧಾರವಾಡದಾಗ ಹೊಸಯಲ್ಲಾಪುರದ್ದು, ಇವು ಎಲ್ಲಾರಿಗೂ ಗೊತ್ತು, ಯಾಕಂದ್ರ ಕಣ್ಣಿಗೆ ಕಾಣ್ತಾವ, ಮೂಗಿಗೆ ಬಡೀತಾವ, ಪೇಪರಿನ್ಯಾಗ ಬರ್ತಾವ. ಅಂಥಾ ಹಳೇ ಕಸ ಹೆಂಗ ಜರಡಿ ಹಿಡದು ತಗೀಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿದು 2019ರ ಮಾರ್ಗಸೂಚಿ ಐತಿ, 2021ರ ಸ್ವಚ್ಛ ಭಾರತ ಎರಡನೇ ಹಂತದಾಗ ರೊಕ್ಕಾನೂ ಐತಿ. ಆದ್ರ ನಮ್ಮಂಥಾ ಸಣ್ಣ ಜಾಗಾ ಹೊರಗಿಂದ ನೋಡಿದ್ರ ಬರೇ ಮಣ್ಣು. ಸೀಸಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ.

ಇನ್ನ ಇವರ ಸರ್ವಿಸಿಗೆ ಬರ್ತೀನಿ. ಮೊದಲ ಕ್ಲಾಸಿನ್ಯಾಗ ಕಾನೂನು ಹೇಳಿದ್ರು. ನಾ ನಿದ್ದಿ ಬರ್ತೈತಿ ಅಂದ್ಕೊಂಡು ಹೋಗಿದ್ದೆ, ಬರಲಿಲ್ಲ. ಮಂದಿ ಎಲ್ಲಾರೂ "ಪಬ್ಲಿಕ್ ಹಿಯರಿಂಗ್ ಇಡ್ತಾರ, ಆವಾಗ ಕೇಳೋಣು" ಅಂತಿದ್ರು. ಅವರು ತಣ್ಣಗ ಹೇಳಿದ್ರು, 2006ರ ಪರಿಸರ ಅಧಿಸೂಚನೆ ಪ್ರಕಾರ ಕಟ್ಟಡದ ಪ್ರಾಜೆಕ್ಟು 20,000 ಚದರ ಮೀಟರ್ ದಾಟಿದ್ರ ಮಾತ್ರ ಪರಿಸರ ಅನುಮತಿ ಬೇಕು, ದಾಟಿದ್ರೂ ಕಟ್ಟಡಕ್ಕ, ಟೌನ್‌ಶಿಪ್ಪಿಗೆ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಐತಿ. ಅಂದ್ರ ಫ್ಯಾಕ್ಟರಿ ಬಂದ್ರ ಮೈಕು ಕೊಡ್ತಾರ, ಫ್ಯಾಕ್ಟರಿ ಹೋಗಿ ಅದ ಮಣ್ಣಿನ ಮ್ಯಾಲ ಮನಿ ಬಂದ್ರ ಮೈಕು ಇಲ್ಲ. ಇದನ್ನ ಕೇಳಿ ಎಲ್ಲಾರೂ ಗಪ್ ಆಗಿಬಿಟ್ರು.

ಆಮ್ಯಾಲ ಹೊಸಾ ನಿಯಮದ ಬಗ್ಗೆ ಹೇಳಿದ್ರು. 2025ರ ಜುಲೈನೊಳಗ ಕೇಂದ್ರ ಸರ್ಕಾರ ಮಾಲಿನ್ಯಗೊಂಡ ಜಾಗಗಳ ನಿರ್ವಹಣೆ ನಿಯಮ ಅಂತ ತಂದೈತಿ. ನಮ್ಮ ದೇಶಕ್ಕ ಇಂಥಾ ಜಾಗಾಕ್ಕ ಅಂತನ ಬ್ಯಾರೆ ನಿಯಮ ಬಂದದ್ದು ಇದ ಮೊದಲು. ಅದರ ಪ್ರಕಾರ ಸಂಶಯ ಇರೋ ಜಾಗಗಳ ಪಟ್ಟಿ ಆರು ತಿಂಗಳಿಗೊಮ್ಮೆ ಕೆಳಗಿಂದ ಹೋಗಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಾಗ ಮೊದಲ ತಪಾಸಣಿ ಮಾಡಬೇಕು, ಇನ್ನ ಮೂರು ತಿಂಗಳಾಗ ಪೂರ್ತಿ ಸರ್ವೆ ಮಾಡಿ ಹೌದೋ ಅಲ್ಲೋ ಹೇಳಬೇಕು, ಹೌದು ಅಂದ್ರ ಜಾಗಾ ಯಾವುದು ಅಂತ ಜಾಹೀರ ಮಾಡಬೇಕು, ಕೆಡಿಸಿದವರು ಯಾರು ಅಂತ ಹುಡುಕಿ ಖರ್ಚು ಅವರ ಮ್ಯಾಲ ಹಾಕಬೇಕು. ಓದಾಕ ಚಲೋ ಐತಿ. ಆದ್ರ ನಮ್ಮ ಶೆಡ್ಡಿನ ಮಾಲೀಕ ತೀರಿಕೊಂಡು ಜಮಾನಾ ಆತು, ಯಾರನ್ನ ಹುಡುಕೋದು? ಅಂಥಾ ವೇಳ್ಯಾದಾಗ ಕೇಂದ್ರ, ರಾಜ್ಯ ಕೂಡಿ ಖರ್ಚಿನ ವ್ಯವಸ್ಥಾ ಮಾಡಬೇಕು ಅಂತನೂ ಐತಂತ. ಈ ಟೀಮಿನ್ಯಾಗ ನನಗ ಮೆಚ್ಚುಗಿ ಆದದ್ದು ಏನಂದ್ರ ಸುಳ್ಳು ಆಶಾ ತೋರಿಸಲಿಲ್ಲ, "ನಿಮ್ಮ ಜಾಗಾ ಆ ಪಟ್ಟಿಗೆ ಹೋಗ್ತೈತಿ ಅಂತ ನಾವು ಗ್ಯಾರಂಟಿ ಕೊಡಂಗಿಲ್ಲ, ಆದ್ರ ಅರ್ಜಿ ಹಾಕಿದ್ದು ಕಾಗದದಾಗ ಇರಲಿ" ಅಂದ್ರು.

ಕಾಗದದ ವಿಷಯಕ್ಕ ಅಂದ್ರ ಇವರಿಗೆ ಪೂರ್ತಿ ಮಾರ್ಕ್ಸು. ಸಿಟಿ ಸರ್ವೆ ಆಫೀಸಿನ್ಯಾಗ ಪಿ.ಆರ್. ಕಾರ್ಡು, ಅಂದ್ರ ಆಸ್ತಿ ಕಾರ್ಡು, ಅದಕ್ಕೂ ಮುಂಚೆ ಹೊಲ ಇದ್ದಾಗಿನ ಉತಾರ, ಪಾಲಿಕಿಯೊಳಗ ಹಳೇ ಟ್ರೇಡ್ ಲೈಸೆನ್ಸು, ಇವನ್ನ ಹತ್ತು ರೂಪಾಯಿ ಆರ್‌ಟಿಐ ಅರ್ಜಿಯೊಳಗ ಹೆಂಗ ಕೇಳಬೇಕು ಅಂತ ಹುಡುಗರಿಗೆ ಕುಂದ್ರಿಸಿ ಬರಸಿದ್ರು. "ಈ ಜಾಗದ ಎಲ್ಲಾ ಮಾಹಿತಿ ಕೊಡಬೇಕು" ಅಂತ ಬರದ್ರ ಉತ್ತರ ಬರಂಗಿಲ್ಲ ಅಂತ, ಇಂಥಾ ವರ್ಷದಿಂದ ಇಂಥಾ ವರ್ಷದ ತನಕ ಈ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರಿನ ಲೈಸೆನ್ಸಿನ ನಕಲು ಅಂತ ಬರೀಬೇಕಂತ. ಖರೇ ಹೇಳ್ತೀನಿ, ಮಂಡಳಿ ಹುಡುಗರು ಗಣಪತಿ ಪಟ್ಟಿ ಬಿಟ್ಟು ಬ್ಯಾರೆ ಏನರ ನೀಟಾಗಿ ಬರದಿದ್ದು ಇದ ಮೊದಲ ಸಲ.

ಜಾಗದ ಕಥಿ ತಗಿಯೋ ದಿನಾ ಚಲೋ ಇತ್ತು. ಅಜ್ಜಾರನ್ನ, ಹಳೇ ಗ್ಯಾರೇಜಿನ ಇಬ್ಬರು ಮೇಸ್ತ್ರಿಗಳನ್ನ ಕರಕೊಂಡು ಜಾಗದಾಗ ಅಡ್ಡಾಡಿಸಿದ್ರು, ಒಬ್ಬ ಹುಡುಗ ಬೊಕ್ಕಣದಾಗ ಸುಣ್ಣ ತುಂಬ್ಕೊಂಡು ಹಿಂದ. ಅಜ್ಜಾರು ಕೋಲು ಊರಿ "ಇಲ್ಲಿ ಭಟ್ಟಿ, ಅಲ್ಲಿ ಒಡೆಯೋ ಕಲ್ಲು, ಈ ಕಡೆ ನೀರು ಹೊರಗ ಬಿಡೋ ನಳಾ, ಆ ಗಟಾರಕ್ಕ" ಅಂದಂಗ ಅಂದಂಗ ಸುಣ್ಣ ಹಾಕ್ಕೊಂತ ಹೋದ್ರು. ಅಂಗನವಾಡಿ ಅಂದಿದ್ರಲ್ಲ, ಆ ಮೂಲಿಯೊಳಗ ಸುಣ್ಣದ ಗೆರಿ ಒಂದರ ಮ್ಯಾಲ ಒಂದು ಬಿದ್ದು ಬೆಳ್ಳಗಾಗಿಬಿಡ್ತು. ಗ್ಯಾರೇಜ್ ಮೇಸ್ತ್ರಿ ಒಬ್ಬರು ಮೊದಲ "ನಾವೇನು ಆಯಿಲ್ ಚೆಲ್ಲಿಲ್ರಿ, ಮಾರ್ತಿದ್ವಿ" ಅಂದ್ರು, ಆಮ್ಯಾಲ ಚಾ ಕುಡಿಯೋಮುಂದ ಮೆತ್ತಗ "ಬ್ಯಾಸಗ್ಯಾಗ ಧೂಳ ಏಳಬಾರದು ಅಂತ ಹೊಡೀತಿದ್ವಿ" ಅಂತ ಹೇಳಿದ್ರು. ಇದನ್ನ ಯಾವ ಲ್ಯಾಬಿನವರೂ ಕಂಡು ಹಿಡಿಯಾಕ ಆಗತಿರಲಿಲ್ಲ.

ಒಂದು ಮಾತು, ಈ ಕಡೆ ಮಂದಿಗೆ ಮಣ್ಣು ಪರೀಕ್ಷೆ ಅಂದಕೂಡಲೇ ಕೃಷಿ ಇಲಾಖಿ ನೆನಪಾಗ್ತೈತಿ. ನಮ್ಮ ಪಂಚರೊಬ್ಬರು ತಮ್ಮ ಹೊಲದ ಮಣ್ಣು ಆರೋಗ್ಯ ಕಾರ್ಡು ತಂದು "ಇದ ಮಾಡಸೋಣು, ಅಗ್ಗ ಆಗ್ತೈತಿ" ಅಂದ್ರು. 2015ರಾಗ ಶುರು ಆದ ಆ ಕಾರ್ಡಿನ್ಯಾಗ 12 ಅಂಶ ನೋಡ್ತಾರ, ಸಾರಜನಕ, ರಂಜಕ, ಪೊಟ್ಯಾಶ್, ಸತು, ಕಬ್ಬಿಣ, ಬೋರಾನ್ ಹಿಂಗ. ಬೆಳಿಗೆ ಬೇಕಾದ್ದು. ಸೀಸ ಇಲ್ಲ, ಕ್ರೋಮಿಯಂ ಇಲ್ಲ, ಡೀಸೆಲ್ ಇಲ್ಲ. ಅಂಥಾ ಕಾರ್ಡಿನ್ಯಾಗ ಈ ಜಾಗಾ ಪಾಸ್ ಆದ್ರ ಏನೂ ಆಶ್ಚರ್ಯ ಇಲ್ಲ.

ಸ್ಯಾಂಪಲ್ ತಗಿಯೋದು ನೋಡಾಕ ಓಣಿ ಮಂದಿ ಜಾತ್ರಿ ಕೂಡಿದಂಗ ಕೂಡಿದ್ರು. ನಮ್ಮದು ಎರಿ ಮಣ್ಣು, ಬ್ಯಾಸಗ್ಯಾಗ ಕಲ್ಲಿನಂಗ, ಮಣ್ಣು ಕೊರಿಯೋ ಆಗರು ಒಳಗ ಇಳಿಯವಲ್ದು, ಇಬ್ಬರು ಹುಡುಗರು ಜೋತು ಬಿದ್ದು ತಿರುವಿದ್ರು. ಕೈ ಹೋಗುವಷ್ಟು ಅಗಲ ಬಿರುಕು ಬಿಟ್ಟಿದ್ವು. ಟೀಮಿನ ಸರ್ ಬಿರುಕಿನ್ಯಾಗ ಕಡ್ಡಿ ಬಿಟ್ಟು ತೋರಿಸಿದ್ರು, ಮೊಣಕೈತನಕ ಹೋತು. ಅವರು ಹೇಳಿದ್ದು ಹಿಂಗ: ಎರಿ ಮಣ್ಣಿನ ಜಿಗಟು ಸೀಸ ಹಿಡಕೊಂಡು ಬಿಡಂಗಿಲ್ಲ, ಅದರಾಗ ಸುಣ್ಣದ ಅಂಶಾನೂ ಇರ್ತೈತಿ, ಹಂಗಾಗಿ ಸೀಸ ಮ್ಯಾಲ ಮ್ಯಾಲ ಉಳಿಯೋದು ಜಾಸ್ತಿ, ಆದ್ರ ಆ್ಯಸಿಡ್ ಚೆಲ್ಲಿದ ಕಡೆ ಸೀಸ ಕರಗಿ ಕೆಳಗ ಸರೀತೈತಿ, ಆಯಿಲ್ಲಿಗೆ ಅಂತೂ ಬಿರುಕು ಅಂದ್ರ ದಾರಿ. ಅದಕ್ಕ ಮ್ಯಾಲಿನ ಮಣ್ಣು ಬ್ಯಾರೆ ಚೀಲ, ಕೆಳಗಿಂದು ಬ್ಯಾರೆ ಚೀಲ. ಗ್ಯಾರೇಜ್ ಇದ್ದ ಕಡೆ ಕೆಳಗಿನ ಹೆಂಟಿ ಒಡದ ಕೂಡಲೇ ಡೀಸೆಲ್ ವಾಸನಿ ಗಪ್ ಅಂತ ಹೊಡೀತು, ಇಷ್ಟು ವರ್ಷ ಆದಮ್ಯಾಲೂ. ನಮ್ಮ ಪೆಂಡಾಲಿನ ಕಂಬ ಅಲ್ಲೇ ಹುಗೀತಿದ್ವಿ.

ಗನ್ನಿನಂಥಾ ಒಂದು ಮಷೀನ್ ತಂದಿದ್ರು, ಎಕ್ಸ್‌ಆರ್‌ಎಫ್ ಅಂತಾರ, ಮಣ್ಣಿಗೆ ಹಿಡದ್ರ ಒಂದು ನಿಮಿಷದಾಗ ಸೀಸ ಎಷ್ಟೈತಿ ತೋರಿಸ್ತೈತಿ. ಹುಡುಗರಿಗೆ ಅದರ ಮ್ಯಾಲ ಕಣ್ಣು. ಆದ್ರ ಮಣ್ಣು ಹಸಿ ಇದ್ರ ಲೆಕ್ಕ ತಪ್ಪತೈತಿ, ಆಯಿಲ್ಲು ಅದಕ್ಕ ಕಾಣಂಗಿಲ್ಲ, ಅದಕ್ಕ ಲ್ಯಾಬಿಗೆ ಕಳಸೋದು ತಪ್ಪಂಗಿಲ್ಲ ಅಂದ್ರು. ಮಷೀನ್ ಹಿಡದ ಮ್ಯಾಲೆ ಇನ್ನೊಂದು ಮಾಡಿದ್ರು, ರೋಡಿನ ಕಡಿಂದು, ಮತ್ತ ದೂರದ ಒಂದು ಗುಡಿ ಹಿತ್ತಲದ ಮಣ್ಣೂ ತಗೊಂಡ್ರು. ಯಾಕ ಅಂದ್ರ 2000ದ ತನಕ ನಮ್ಮ ದೇಶದ ಪೆಟ್ರೋಲಿನ್ಯಾಗ ಸೀಸ ಇತ್ತು, ಹಳೇ ರೋಡಿನ ಬಾಜೂದ ಮಣ್ಣಿನ್ಯಾಗ ಅದು ಇನ್ನೂ ಇರ್ತೈತಿ, ನಾಳೆ ಬಿಲ್ಡರ್ ಕಡಿಯವರು "ಇದು ಶೆಡ್ಡಿಂದಲ್ಲ, ರೋಡಿಂದು" ಅಂದ್ರ ನಮ್ಮ ಕಡೆ ಉತ್ತರ ಇರಬೇಕಲ್ಲ. ಇಂಥಾ ತಲಿ ಓಡಸ್ತಾರ ನೋಡ್ರಿ, ರೊಕ್ಕ ಕೊಟ್ಟಿದ್ದು ಅದಕ್ಕ.

ಇನ್ನ ಖರೇ ಕೆಲಸಕ್ಕ ಬಂದದ್ದು ಬಿಲ್ಡರ್ ಕಡಿಯಿಂದ ಬಂದ ರಿಪೋರ್ಟು ಓದಿ ಕೊಟ್ಟಿದ್ದು. ಅದರಾಗ ಸೀಸಕ್ಕ ಒಂದ ಒಂದು ನಂಬರ್ ಇತ್ತು, ಪಕ್ಕದಾಗ "ಮಿತಿಯೊಳಗ ಐತಿ" ಅಂತ. ನಾವೆಲ್ಲಾ ಮುಗೀತು ಅಂದ್ಕೊಂಡ್ವಿ. ಟೀಮಿನ ಮೇಡಂ ಒಬ್ಬರು, ಸಣ್ಣ ವಯಸ್ಸಿನಾಕಿ, ಹಾಳಿ ತಿರುವಿ ಕೆಳಗಿನ ಸಣ್ಣ ಅಕ್ಷರ ತೋರಿಸಿದ್ರು: ಐದು ಕಡೆ ಮಣ್ಣು ತಗೊಂಡು ಕೂಡಿಸಿ ಒಂದ ಮಾಡಿ ಪರೀಕ್ಷೆ ಮಾಡ್ಯಾರ. ಐದು ಮನಿ ಹಾಲು ಒಂದ ಡಬ್ಬಿಗೆ ಸುರದು, ಯಾರು ನೀರು ಹಾಕ್ಯಾರ ಹೇಳ್ರಿ ಅಂದಂಗ. ಆಕಿ ಹಲಗಿ ಮ್ಯಾಲ ಬರದು ತೋರಿಸಿದ್ರು, ಒಂದು ಕಡೆ 700 ಇದ್ದು ಉಳಿದ ನಾಲ್ಕು ಕಡೆ 50-50 ಇದ್ರ ಸರಾಸರಿ ಎಷ್ಟು ಬರ್ತೈತಿ, 180. ಅಮೇರಿಕಾದವರು ಮಕ್ಕಳು ಆಡೋ ಮನಿ ಮಣ್ಣಿಗೆ ಸೀಸದ ಎಚ್ಚರಿಕಿ ಮಟ್ಟ ಮೊದಲ ಕೆಜಿಗೆ 400 ಮಿಲಿಗ್ರಾಂ ಅಂತ ಇಟ್ಟಿದ್ರು, 2024ರ ಜನವರಿಯೊಳಗ ಅದನ್ನ 200ಕ್ಕ ಇಳಿಸಿದ್ರು. ಅಂದ್ರ 180 ಅಂದ್ರ ಪಾಸು, 700 ಇರೋ ಮೂಲಿ ಎಲ್ಲೂ ಕಾಣಂಗಿಲ್ಲ, ಅಲ್ಲೇ ಅಂಗನವಾಡಿ ಬರ್ತೈತಿ. ಈ ನಂಬರ್ ನಮ್ಮ ಜಾಗದ್ದಲ್ಲ, ತಿಳಿಸಾಕ ಬರದದ್ದು, ಆದ್ರ ಆ ಹಲಗಿ ನೋಡಿದ ಮ್ಯಾಲೆ ನಮ್ಮ ಸ್ತ್ರೀಶಕ್ತಿ ಸಂಘದ ಅಕ್ಕಾರು ಯಾರನ್ನೂ ಬಿಡಲಿಲ್ಲ. ಹರದಾಡೋ ಕೂಸು ಕೈ ಬಾಯಾಗ ಇಡತಾವ, ಸೀಸ ಹೋಗೋದು ಹಂಗ, ರಕ್ತದಾಗ ಇಷ್ಟು ಸೀಸ ಇದ್ರ ಪರವಾಗಿಲ್ಲ ಅನ್ನೋ ಮಟ್ಟ ಅಂತ ಒಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆನ ಹೇಳೇತಿ.

ಮುಂದಿನ ಮೀಟಿಂಗಿನ್ಯಾಗ ಬಿಲ್ಡರ್ ಕಡಿಯ ಎಂಜಿನಿಯರ್ ಪ್ರೊಜೆಕ್ಟರ್ ಹಚ್ಚಿ ಬಣ್ಣ ಬಣ್ಣದ ಗಾರ್ಡನ್ ತೋರಸ್ತಿದ್ರು, ನಡುವ ಅಕ್ಕಾರೊಬ್ಬರು ಕೈ ಎತ್ತಿ, "ಸರ, ಈ ರಿಪೋರ್ಟಿನ ಮಣ್ಣು ಯಾವ ಮೂಲಿದು, ಎಷ್ಟು ಆಳದ್ದು?" ಅಂತ ಕೇಳಿದ್ರು. ಅವರು "ಇಡೀ ಸೈಟಿಂದು ಅಮ್ಮಾ" ಅಂದ್ರು. "ಇಡೀ ಸೈಟಿನ್ಯಾಗ ಕೂಸು ಕುಂದ್ರಂಗಿಲ್ಲರಿ, ಒಂದ ಮೂಲಿಯೊಳಗ ಕುಂದರ್ತೈತಿ" ಅಂದ್ರು ಅಕ್ಕಾರು. ಹಿಂದಿನ ಸಾಲಿನ್ಯಾಗ ಕುಂತ ಟೀಮಿನವರು ಒಂದ ಮಾತು ಆಡಲಿಲ್ಲ. ಎದ್ದ ಹೋದ ಪಂಚರೂ ಆವತ್ತು ಬಂದಿದ್ರು, ಅವರಿಗೂ ಇವರು ಯಾಕ ಮಾತಾಡಂಗಿಲ್ಲ ಅಂತ ತಿಳೀತು ಅನಿಸ್ತೈತಿ. ಹೊರಗಿನವರು ಕೇಳಿದ್ರ "ನೀವ್ಯಾರು" ಅಂತ ಅಲ್ಲೇ ಮುಗಸ್ತಿದ್ರು, ಓಣಿ ಅಕ್ಕಾರಿಗೆ ಹಂಗ ಅನ್ನಾಕ ಬರಂಗಿಲ್ಲ.

ಇನ್ನೊಂದು ಕಲಸಿದ್ದು, ಇದರ ಬಗ್ಗೆ ಎಲ್ಲಾರೂ ಯೋಚನಿ ಮಾಡಬೇಕು. ಜಾಗಾ ಕೆಟ್ಟೈತಿ ಅಂದಕೂಡಲೇ "ಎಲ್ಲಾ ಮಣ್ಣು ಅಗದು ಒಯ್ರಿ" ಅಂತ ಕೂಗೋದು ನಮ್ಮ ಮಂದಿ ಚಟಾ. ಎಲ್ಲಿ ಒಯ್ಯೋದು? ಅಪಾಯಕಾರಿ ತ್ಯಾಜ್ಯ ಅಂತಾದ್ರ ಅದಕ್ಕಂತ ಕಟ್ಟಿದ ಜಾಗಾಕ್ಕ ಕಳಸಬೇಕು, ಅಂಥಾದ್ದು ಅಲ್ಲೆ ಬೆಂಗಳೂರಿನ ಹತ್ತಿರ ದಾಬಸ್‌ಪೇಟೆ ಕಡೆ ಐತಿ, ಖರ್ಚು ಲೆಕ್ಕ ಹಾಕ್ರಿ. ಲೆಕ್ಕ ಸರಿಬರಲಿಲ್ಲ ಅಂದ್ರ ರಾತ್ರೋರಾತ್ರಿ ಟಿಪ್ಪರಿನ್ಯಾಗ ಯಾವುದೋ ಹಳ್ಳದ ದಂಡಿಗೆ ಹೋಗ್ತೈತಿ, ನಮ್ಮ ಉಸಾಬರಿ ಮತ್ತೊಬ್ಬರ ಮನಿ ಬಾಗಲಿಗೆ. ಭೋಪಾಳದ ಕಾರ್ಖಾನಿ ಉದಾಹರಣಿ ಕೊಟ್ರು, 1984ರ ದುರಂತ, ಅಲ್ಲಿ ಉಳಿದಿದ್ದ ವಿಷದ ಕಸ 337 ಟನ್ ಜಾಗಾ ಬಿಟ್ಟು ಕದಲಿದ್ದು 2025ರ ಜನವರಿಯೊಳಗ, ಅದೂ ಪೀತಂಪುರಕ್ಕ ಹೋದಾಗ ಅಲ್ಲಿ ಮಂದಿ "ನಮಗ್ಯಾಕ" ಅಂತ ರೋಡಿಗೆ ಬಂದ್ರು.

ಅದಕ್ಕ ಇವರು ಹೇಳೋದು, ಮೊದಲ ಯಾವ ಜಾಗಾದ ಮ್ಯಾಲ ಏನು ಬರ್ತೈತಿ ಅನ್ನೋದರ ಮ್ಯಾಲ ಜಗ್ಗಾಡ್ರಿ. ಸೀಸ ಇರೋ ಮೂಲಿ ಮ್ಯಾಲ ಕಾಂಕ್ರೀಟ್ ಹಾಕಿ ಪಾರ್ಕಿಂಗ್ ಮಾಡಿದ್ರ ಮಣ್ಣು ಕೈಗೆ ಸಿಗಂಗಿಲ್ಲ, ಧೂಳ ಏಳಂಗಿಲ್ಲ. ಅಂಗನವಾಡಿ, ಗಾರ್ಡನ್ನು ಚೊಕ್ಕ ಇರೋ ಕಡೆ ಸರಸ್ರಿ, ಪ್ಲ್ಯಾನಿನ್ಯಾಗ ಗೆರಿ ಸರಸೋದಕ್ಕ ಮಣ್ಣು ಸಾಗಸೋದರಷ್ಟು ಖರ್ಚು ಬರಂಗಿಲ್ಲ. ಡೀಸೆಲ್ ಮಣ್ಣು ಗಾಳಿ ಆಡಿಸಿ, ಸೂಕ್ಷ್ಮಜೀವಿ ಬೆಳಸಿ ಸುಧಾರಸಾಕ ಬರ್ತೈತಿ. ಸೀಸ ಹಂಗಲ್ಲ, ಅದು ಲೋಹ, ಕೊಳಿಯಂಗಿಲ್ಲ. ಆದ್ರ ಕಾಂಕ್ರೀಟ್ ಹಾಕಿ ಮುಚ್ಚಿದ್ರ ಅದರ ಕೆಳಗ ಏನೈತಿ ಅಂತ ಕಾಗದದಾಗ ಉಳಿಬೇಕು, ಇಪ್ಪತ್ತು ವರ್ಷದ ಮ್ಯಾಲ ಯಾರೋ ನಳಾ ಹಾಕಾಕ ಅಗದಾಗ ಗೊತ್ತಾಗಬೇಕು. ಎಷ್ಟು ಚೊಕ್ಕ ಮಾಡಿದ್ರ ಸಾಕು ಅನ್ನೋ ನಂಬರೂ ಮಂದಿ ಕೇಳೋದ. ಕೊಡೈಕೆನಾಲಿನ ಥರ್ಮಾಮೀಟರ್ ಫ್ಯಾಕ್ಟರಿ 2001ರಾಗ ಮುಚ್ಚಿದ್ದು, ಪಾದರಸದ ಮಣ್ಣು ಕೆಜಿಗೆ 20 ಮಿಲಿಗ್ರಾಂ ತನಕ ಚೊಕ್ಕ ಮಾಡಿದ್ರ ಸಾಕು ಅನ್ನೋದರ ಮ್ಯಾಲ ಎಷ್ಟು ವರ್ಷ ಗುದ್ದಾಟ ನಡೀತು ಅಂತ ಹೇಳಿದ್ರು, ಅಲ್ಲಿಯ ಮಂದಿ ಅದು ಭಾಳ ಸಡಿಲ ಆತು ಅಂತ ಹಿಡಕೊಂಡು ಕುಂತಿದ್ರು.

ಈಗ ದೂರು. ಈ ಟೀಮಿನವರು ಕೊಟ್ಟ ರಿಪೋರ್ಟು ಪೂರ್ತಿ ಇಂಗ್ಲಿಷಿನ್ಯಾಗ, ದಪ್ಪನೆ ಬುಕ್ಕು, ಕನ್ನಡದ್ದು ಎರಡು ಹಾಳಿ ಸಾರಾಂಶ ಅಂತ ಕೊಟ್ರು, ಅದೂ ಯಾವ ಕನ್ನಡ ಅಂತೀರಿ, "ಭಾರಲೋಹಗಳ ಸಾಂದ್ರತೆಯ ಪ್ರಾದೇಶಿಕ ವ್ಯತ್ಯಯ" ಅಂತ. ಬಾಯಿಲೆ ಎಷ್ಟು ಚಂದ ಹೇಳಿದ್ರೋ ಅದನ್ನ ಹಂಗ ಬರದ್ರ ಏನಾಗ್ತಿತ್ತರಿ? ಕಡೀಕ ನಮ್ಮ ಮಂಡಳಿ ಹುಡುಗನ ಒಬ್ಬ ವಾಟ್ಸಾಪಿನ್ಯಾಗ ಧ್ವನಿ ಮೆಸೇಜು ಮಾಡಿ ಎಲ್ಲಾರಿಗೂ ಕಳಸಿದ. ಎರಡನೇದು ಮೀಟಿಂಗಿನ ಟೈಮು, ಸಂಜಿ ಆರಕ್ಕ ಇಡ್ತಾರ, ಅದ ವೇಳ್ಯಾಕ ನಮ್ಮ ಕಡೆ ನಳದ ನೀರು, ದಿನಾ ಬರೋ ನೀರಲ್ಲ ಅದು, ಬಿಟ್ಟು ಬರಾಕ ಹೆಣ್ಮಕ್ಕಳಿಗೆ ಹೆಂಗ ಆಗ್ತೈತಿ. ಹೇಳಿದ ಮ್ಯಾಲ ಮಧ್ಯಾಹ್ನ ಮೂರಕ್ಕ ಮಾಡಿದ್ರು, ಹೇಳೋತನಕ ತಿಳೀಲಿಲ್ಲ. ಬೋರಿನ ನೀರಿನ ಪರೀಕ್ಷಾನೂ ಪ್ಯಾಕೇಜಿನ್ಯಾಗ ಇರಂಗಿಲ್ಲ, ಬ್ಯಾರೆ ರೊಕ್ಕ. ಕುಡಿಯೋ ನೀರಿಗೆ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಮಣ್ಣು ನೋಡೋರು ಬಾಜೂದ ಬೋರು ನೋಡದ ಬಿಡೋದು ಸರಿ ಅನಸಲಿಲ್ಲ.

ರೊಕ್ಕದ ವಿಷಯ. ಕಲಸೋದಕ್ಕ, ಕಾಗದ ಓದಿ ಕೊಡೋದಕ್ಕ ಇವರು ಸಂಘಗಳ ಕಡೆ ಭಾಳ ತಗೊಳಂಗಿಲ್ಲ, ಲ್ಯಾಬಿನ ಖರ್ಚು ಮಾತ್ರ ನಮ್ಮ ಮ್ಯಾಲ. ಮನಿಗೆ ಐದುನೂರರಂಗ ಪಟ್ಟಿ ಹಾಕಿದ್ವಿ, ಕಡಿಮಿ ಬಿದ್ದದ್ದು ಗಣಪತಿ ಫಂಡಿನಿಂದ, ಅದಕ್ಕ ಒಂದು ಸಣ್ಣ ಜಗಳಾನೂ ಆತು. ಅಮೇರಿಕಾದಾಗ ಇಂಥಾ ಕೆಲಸಕ್ಕ ಸರ್ಕಾರನ ಓಣಿ ಸಂಘಕ್ಕ 50,000 ಡಾಲರ್ ತನಕ ಕೊಟ್ಟು, ನಿಮಗ ಬೇಕಾದ ತಜ್ಞನ್ನ ನೀವ ಇಟ್ಕೊಳ್ರಿ ಅಂತೈತಂತ, ಸೂಪರ್‌ಫಂಡ್ ಜಾಗಗಳಿಗೆ. ಸೂಪರ್‌ಫಂಡ್ ಅಂದ್ರ ಕೆಟ್ಟ ಜಾಗಾ ಚೊಕ್ಕ ಮಾಡಸೋ ಅಲ್ಲಿಯ ಸರ್ಕಾರಿ ಕಾರ್ಯಕ್ರಮ, 1980ರ ಕಾನೂನಿಂದ ಹುಟ್ಟಿದ್ದು. ನಮ್ಮ 2025ರ ನಿಯಮದಾಗ ಅಂಥಾದ್ದೊಂದು ಸಾಲು ಹಾಕಿದ್ರ ನಾವು ಗಣಪತಿ ರೊಕ್ಕಕ್ಕ ಕೈ ಹಾಕ್ತಿರಲಿಲ್ಲ.

ಸದ್ಯದ ಸ್ಥಿತಿ: ಮೂಲಿ ಮೂಲಿಗೆ ಬ್ಯಾರೆ ಬ್ಯಾರೆ ಸ್ಯಾಂಪಲ್ ತಗಸಾಕ ಬಿಲ್ಡರ್ ಕಡಿಯವರು ಒಪ್ಯಾರ, ನಮ್ಮವರು ಇಬ್ಬರು ಎದುರಿಗೆ ನಿಂದ್ರಬೇಕು ಅಂತ ಬರದು ಸಹಿ ಆಗೇತಿ. ಅಂಗನವಾಡಿ ಜಾಗಾ ಪ್ಲ್ಯಾನಿನ್ಯಾಗ ಇನ್ನೂ ಅದ ಮೂಲಿಯೊಳಗ ಐತಿ, ರಿಪೋರ್ಟ್ ಬಂದ ಮ್ಯಾಲ ಮಾತಾಡೋಣು ಅಂತಾರ.

ಗದಗ, ಹಾವೇರಿ ಕಡಿಯವರು ಕರಸಬೇಕು ಅಂತಿದ್ರ ಬರ್ತಾರ, ಬಸ್ಸಿನ ಖರ್ಚು ಕೇಳ್ತಾರ ಅಷ್ಟ. ಫೋನ್ ಮಾಡೋಕಿಂತ ಮೊದಲ ಸಿ.ಟಿ.ಎಸ್. ನಂಬರ್ ಬರದು ಇಟ್ಕೊಳ್ರಿ, ಆ ಜಾಗದಾಗ ಹಿಂದ ಕೆಲಸ ಮಾಡಿದ ಹಿರಿಯಾರು ಯಾರರ ಇದ್ರ ಅವರನ್ನ ಮೊದಲ ಹುಡುಕ್ರಿ, ಮತ್ತ ಕನ್ನಡದ ರಿಪೋರ್ಟು ಬೇಕು ಅಂತ ಮೊದಲ ದಿನಾನ ಹೇಳ್ರಿ, ಕಡೀಕ ಹೇಳಿದ್ರ ಎರಡು ಹಾಳಿ ಕೊಡ್ತಾರ.